ಬೇಲಿಗೂಟದ ಕೈಗವಸು

ಬೆಳಿಗ್ಗೆ ಜೋಡಿ ಕಿಟಕಿಯ ಒಳಗಾಜು ಕಳಚಿದೆ.
ನವೆಂಬರಿನಲ್ಲಿ ನಡುವೆ ತುರುಕಿದ್ದ ಹತ್ತಿಯ ಮೇಲೆ
ಮೂರು ನೊಣ, ಕಾಲು ಮಡಚಿ,
ಲೆಕ್ಕ ಒಪ್ಪಿಸಿ ಮಲಗಿದ ಹಾಗೆ.
ಬೀದಿಯ ಸದ್ದು ಕರೆಯದೆಯೇ ಒಳಬಂತು,
ಕಾಲು ತೊಳೆಯದ ನೆಂಟನಂತೆ.

ಮೊದಲು ಬಂದದ್ದು ಪೊರಕೆಯ ಸದ್ದು.
ಯಾರೂ ಜಾರದಿರಲೆಂದು ಪುರಸಭೆ
ಚಳಿಗಾಲವಿಡೀ ಚೆಲ್ಲಿದ ಮರಳನ್ನು
ಈಗ ಪುರಸಭೆಯೇ ಗುಡಿಸುತ್ತಿದೆ.
ಅದೇ ಮರಳು, ಅದೇ ತಳ್ಳುಗಾಡಿ, ಅದೇ ಗುನಾರ್ಸ್,
ತುಟಿಯಲ್ಲಿ ಅದೇ ಆರಿದ ಸಿಗರೇಟು.
"ಹಾಕಿದ್ದೆಲ್ಲ ಸಿಕ್ಕಿತೇನಯ್ಯಾ?" ಎಂದೆ ಮೇಲಿನಿಂದ.
"ಒಂದು ಹಿಡಿ ಕಮ್ಮಿ, ಐನಾ. ನಿನ್ನ ಷೂಸಿನಲ್ಲಿದೆ."

ನಮ್ಮೂರಲ್ಲಿ ವಸಂತ ಬಂತೆಂದು ಯಾರೂ ಅನ್ನುವುದಿಲ್ಲ.
ಕೆಸರು ಶುರುವಾಯಿತು ಅನ್ನುತ್ತಾರೆ,
ಅಂದು ನಗುತ್ತಾರೆ.

ಶಾಲೆಯ ಹಿಂದಿನ ಬರ್ಚ್ ಮರಕ್ಕೆ ಯಾರೋ ಜಾಡಿ ಕಟ್ಟಿದ್ದಾರೆ.
ಟಪ್. ಯೋಚಿಸಿ, ಮತ್ತೆ ಟಪ್.
ಹಳೆಯ ಸಾಲವನ್ನು ಚಿಲ್ಲರೆಯಲ್ಲಿ ತೀರಿಸುವ ಹಾಗೆ.
ಅತ್ತಿತ್ತ ನೋಡಿ ಬೆರಳದ್ದಿ ನೆಕ್ಕಿದೆ:
ರುಚಿಯಿಲ್ಲ; ಪೂರಾ ಇಲ್ಲವೆಂದೂ ಅಲ್ಲ.
ಸಿಹಿ ಎಂಬ ಮಾತು ನಾಲಗೆಗೆ ಬರುವ
ಒಂದು ಗಳಿಗೆ ಮುಂಚಿನ ನೀರು.
ಐವತ್ತನಾಲ್ಕರ ಹೆಂಗಸು, ಸರ್ಕಾರಿ ಅಂಚೆಯವಳು,
ಏಪ್ರಿಲ್ ತಿಂಗಳ ಕಳ್ಳಿ.

ಹತ್ತು ಹೆಜ್ಜೆ ಮುಂದೆ, ಬೇಲಿಗೂಟಕ್ಕೆ ಒಂದು ಕೈಗವಸು.
ಹಿಮ ಕರಗಿದ ಮೇಲೆ ಊರಿನ ತುಂಬ ಇಂಥವು ಏಳುತ್ತವೆ.
ಯಾರೋ ಹೆಕ್ಕುತ್ತಾರೆ, ಹಿಂಡುತ್ತಾರೆ, ಗೂಟಕ್ಕೆ ತೊಡಿಸುತ್ತಾರೆ;
ಗೂಟ, ಉತ್ತರ ಗೊತ್ತಿರುವ ಹುಡುಗನಂತೆ,
ಇಡೀ ದಿನ ಕೈಯೆತ್ತಿಕೊಂಡೇ ನಿಲ್ಲುತ್ತದೆ.
ಕೆಂಪು ಉಣ್ಣೆ, ಮಣಿಕಟ್ಟಿನ ಸುತ್ತ ಬಿಳಿ ನಕ್ಷತ್ರ,
ಹೆಬ್ಬೆರಳಿನ ಬುಡದಲ್ಲಿ ಒಂದು ಹೆಣಿಗೆ ತಪ್ಪಿದೆ.
ಆ ತಪ್ಪಿನ ಗುರುತು ನನಗುಂಟು.
ಕರೆಂಟು ಹೋದ ರಾತ್ರಿ, ಮೇಣದಬತ್ತಿಯಲ್ಲಿ,
ನನ್ನ ಕೈಯೇ ಮಾಡಿದ್ದು.

ಇದರ ಜೊತೆಯದನ್ನು ಮೊನ್ನೆ ಭಾನುವಾರ ಬಿಚ್ಚಿದೆ.
ಒಂಟಿ ಕೈಗವಸು ಇಟ್ಟುಕೊಂಡು ಮಾಡುವುದೇನು?
ಆ ನೂಲಿನಲ್ಲಿ ಕಿಟಕಿಕಟ್ಟೆಯ ಟೊಮ್ಯಾಟೊ ಸಸಿಗಳನ್ನು
ಕಡ್ಡಿಗೆ ಕಟ್ಟಿದ್ದೇನೆ. ಹದಿನೇಳು ಸಸಿ.
ಗೂಟದ ಮುಂದೆ ತುಸು ನಿಂತೆ. ಮುಟ್ಟಲಿಲ್ಲ.

ಅಂಚೆ ಕಚೇರಿಯಲ್ಲಿ ಇವತ್ತು ಬೀಜದ ಪೊಟ್ಟಣಗಳ ದಿನ,
ಅಲ್ಲಾಡಿಸಿದರೆ ಪ್ರತಿಯೊಂದೂ ಗಿಲಕಿ.
ಸಾಲಿನಲ್ಲಿ ಒಂದೇ ಮಾತು:
ಗಿರಣಿಯ ಬಳಿಯ ಕಂಬಕ್ಕೆ ಕೊಕ್ಕರೆ ಬಂದಿದೆ.
ಗಂಡು ಬಂದಿದೆ, ಹೆಣ್ಣಿನ್ನೂ ಬಂದಿಲ್ಲ.
"ದಾರಿಯಲ್ಲಿ ಗಾಳಿ ಕೆಟ್ಟದಿರಬೇಕು" ಎಂದಳು ಸ್ಕೈದ್ರೀತೆ.
"ಗೂಡು ಸರಿಮಾಡಲಿ, ಆಮೇಲೆ ಬರುತ್ತಾಳೆ" ಎಂದಳು ವಿಜ್ಮಾ,
ಗಂಡನ ಜೊತೆ ಮಾತುಬಿಟ್ಟು ಆರು ವರ್ಷವಾದವಳು.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ನಾನು ಮೊಹರು ಒತ್ತಿದೆ, ಬೇಕಾದ್ದಕ್ಕಿಂತ ಜೋರಾಗಿ.

ಮಧ್ಯಾಹ್ನ ಮೆಟ್ಟಿಲ ಮೇಲೆ ರೈ ರೊಟ್ಟಿ,
ಹೂಕುಂಡದಿಂದ ಕಿತ್ತ ಎಳೆ ಈರುಳ್ಳಿಸೊಪ್ಪು.
ಎದುರುಗೋಡೆಗೆ ಅರ್ವಿದ್ಸ್ ತಾತ ಕುರ್ಚಿ ಹಾಕಿ,
ಬಿಸಿಲು ಒಂದು ಗೇಣು ಸರಿದರೆ
ತಾನೂ ಒಂದು ಗೇಣು ಸರಿಯುತ್ತಾನೆ.
ಸಂಜೆಯ ಹೊತ್ತಿಗೆ ಔಷಧಿ ಅಂಗಡಿ ತಲುಪುತ್ತಾನೆ.
ಈ ವೇಗದಲ್ಲಿ ರೀಗಾಕ್ಕೆ ಎಷ್ಟು ವಸಂತ?
ಲೆಕ್ಕ ಹಾಕತೊಡಗಿದೆ. ಗಂಟೆ ಬಡಿಯಿತು.

ಹಿಂತಿರುಗುವಾಗ ಗೂಟ ಬರಿಗೈ.
ಶಾಲೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೋಲು ಬರೆದು
ಐದಾರು ಮಕ್ಕಳು. ಗೋಲಿಯ ಎಡಗೈಗೆ
ನನ್ನ ನಕ್ಷತ್ರಗಳು.
ಹುಡುಗ ಹಾರಿದ. ಚೆಂಡು ಕೆಸರಿನೊಂದಿಗೆ
ಸರಿಯಾಗಿ ಆ ತಪ್ಪು ಹೆಣಿಗೆಗೇ ಬಡಿಯಿತು.
ಹಿಡಿದ!
ನನಗೇ ತಿಳಿಯದೆ ಚಪ್ಪಾಳೆ ತಟ್ಟಿದ್ದೆ.
ಅವನು ನನ್ನನ್ನು ಅನುಮಾನದಿಂದ ನೋಡಿದ.

ಈಗ ರೇಡಿಯೋ ಹೇಳುತ್ತಿದೆ:
ರಾತ್ರಿ ಮತ್ತೆ ಹಿಮ ಬೀಳಬಹುದು, ಹುಷಾರು.
ಗುನಾರ್ಸ್ ಎಲ್ಲ ಗುಡಿಸಿ ಮುಗಿಸಿದ್ದಾನೆ, ಪಾಪ.
ಬಾಗಿಲ ಬಳಿ ಷೂಸು ಕೊಡವಿ ನೋಡಿದೆ.
ನಿಜ, ಒಂದು ಹಿಡಿ ಇದೆ.